ಮುನ್ನೂರ ಒಂಬತ್ತು ಅಂಕಿಗಳ ನಂಟು

ಪುಂಡಲೀಕ ಚಿತ್ರಗಾರನ ಕೈಗಳು ಮೊದಲ ಸಲ ರೊಟ್ಟಿ ತಟ್ಟಿದ್ದು ಒಂದು ಮಂಗಳವಾರ ಮಧ್ಯಾಹ್ನ. ಹುಬ್ಬಳ್ಳಿಯ ಕೇಶ್ವಾಪುರದ ಮನೆಯಲ್ಲಿ ಅವನು ಊಟಕ್ಕೆ ಕೂತಿದ್ದ. ಹೆಂಡತಿ ಮಂದಾಕಿನಿ ಒಳಗೆ ಸಾರು ಬಿಸಿ ಮಾಡುತ್ತಿದ್ದಳು. ಪಟ್, ಪಟ್, ಪಟ್ ಎಂಬ ಸದ್ದು ಕೇಳಿ ಅವಳು ಹೊರಗೆ ಇಣುಕಿದಳು. ಗಂಡನ ಬಲ ಅಂಗೈ ಖಾಲಿ ಮೇಜನ್ನು ಬಡಿಯುತ್ತಿತ್ತು. ಎಡಗೈ ಬೆರಳುಗಳು ಕಾಣದ ಒಂದು ಚಕ್ರವನ್ನು ಅಂಚಿನಿಂದ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದವು. ನಡುವೆ ಬಲಗೈ ಪಕ್ಕಕ್ಕೆ ಸರಿದು, ಇಲ್ಲದ ಹಿಟ್ಟನ್ನು ಒಂದು ಚಿಟಿಕೆ ತೆಗೆದು ಉದುರಿಸಿ, ಮತ್ತೆ ಬಡಿಯತೊಡಗುತ್ತಿತ್ತು.

ಮಂದಾಕಿನಿಗೆ ನಗು ಬಂತು. "ಹಸಿವು ಅಷ್ಟ ಜೋರ ಆಗೈತೇನ್ರೀ? ರೊಟ್ಟಿ ಮಾಡೇ ಇಟ್ಟೀನಿ, ತರ್ತೀನಿ ತಡೀರಿ."

ಪುಂಡಲೀಕ ನಗಲಿಲ್ಲ. ಅವನು ತನ್ನ ಕೈಗಳನ್ನೇ ನೋಡುತ್ತಿದ್ದ, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತರ ಕೈಗಳನ್ನು ಕದ್ದು ನೋಡುವ ಹಾಗೆ.

"ನಾ ಮಾಡಾಕತ್ತಿಲ್ಲ ಮಂದಾ," ಎಂದ. "ಅವ ಮಾಡಾಕತ್ತಾವ."

ಹುಟ್ಟಿದಾರಭ್ಯ ರೊಟ್ಟಿ ತಟ್ಟಿದವನಲ್ಲ ಅವನು. ಒಲೆಯ ಮುಂದೆ ನಿಂತದ್ದೂ ಅಪರೂಪ. ಅವನದು ಬೋರ್ಡು ಬರೆಯುವ ಕೆಲಸ. ಕುಂಚ ಹಿಡಿದರೆ ಅಡಿಪಟ್ಟಿ ಇಲ್ಲದೆ ಮೂರು ಅಡಿ ಗೆರೆ ಎಳೆಯುತ್ತಿದ್ದ ಕೈ, ನಲವತ್ತೆರಡನೆಯ ವಯಸ್ಸಿಗೆ ನಡುಗತೊಡಗಿತು. ಚಹಾದ ಕಪ್ಪು ತುಟಿಗೆ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಐದು ವರ್ಷ ಹಾಗೆಯೇ ಕಳೆಯಿತು. ಹದಿನಾಲ್ಕು ತಿಂಗಳ ಹಿಂದೆ ಅವನ ಎದೆಯ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ ಇಟ್ಟು, ಅದರಿಂದ ಎರಡು ಸಣ್ಣ ತಂತಿಗಳನ್ನು ಮಿದುಳಿಗೆ ಎಳೆದರು. ಕೈ ಆಡಿಸುವ ಅಲೆ ನಡುಕದೊಡನೆ ಮಿದುಳಿನಿಂದ ಹೊರಟರೆ ಡಬ್ಬಿ ಅದನ್ನು ಹಿಡಿದು ಹುಬ್ಬಳ್ಳಿಯ ನಡುಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತದೆ. ಕೇಂದ್ರದ ಯಂತ್ರ ನಡುಕಕ್ಕೆ ಎದುರಲೆ ಲೆಕ್ಕ ಹಾಕಿ, ಕೈಯ ಚಲನೆಯ ಜೊತೆ ಬೆರೆಸಿ ಮರುಕ್ಷಣ ವಾಪಸು ಕಳಿಸುತ್ತದೆ. ಅಲೆಗೆ ಅಲೆ ಹೊಡೆದು ನಡುಕ ನಿಲ್ಲುತ್ತದೆ. ಎಲ್ಲ ಕಣ್ಣು ಮಿಟುಕಿಸುವುದರೊಳಗೆ. ಡಬ್ಬಿ ಇಟ್ಟ ಮೂರನೆಯ ದಿನ ಪುಂಡಲೀಕ ಒಂದು ಬಟ್ಟಲು ಅಂಬಲಿಯನ್ನು ಹನಿ ಚೆಲ್ಲದೆ ಕುಡಿದು ಅತ್ತುಬಿಟ್ಟಿದ್ದ.

ಮಂದಾಕಿನಿ ಕೆಲಸ ಮಾಡುತ್ತಿದ್ದುದು ಅದೇ ಕೇಂದ್ರದಲ್ಲಿ. ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಹತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದವಳು. ಈಗ ಕೇಂದ್ರದಲ್ಲಿ ಬೀಗಗಳ ಉಸ್ತುವಾರಿ ಅವಳದು. ಬೀಗ ಅಂದರೆ ಕಬ್ಬಿಣದ್ದಲ್ಲ, ಸಂಖ್ಯೆಯದು.

* * *

ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ನಲವತ್ತೊಂದು ಸಾವಿರ ಜನರ ಕೈಗಳು ಹಸಿರು ಗೆರೆಗಳಾಗಿ ಗೋಡೆಯ ತುಂಬ ಹರಿಯುತ್ತಿದ್ದವು. ಒಬ್ಬರ ಅಲೆ ಇನ್ನೊಬ್ಬರಿಗೆ ಹೋಗದ ಹಾಗೆ ಪ್ರತಿಯೊಬ್ಬರ ಡಬ್ಬಿಗೂ ಒಂದು ಸಂಖ್ಯೆ ಇತ್ತು. ಆರುನೂರ ಹದಿನೇಳು ಅಂಕಿಗಳ ಸಂಖ್ಯೆ. ಬರೆದರೆ ನೋಟ್‌ಬುಕ್ಕಿನ ಅರ್ಧ ಪುಟ ತುಂಬುತ್ತದೆ. ಅದು ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಒಂದೊಂದೂ ಸುಮಾರು ಮುನ್ನೂರ ಒಂಬತ್ತು ಅಂಕಿ ಉದ್ದ, ಒಂದರಿಂದ ಮತ್ತು ತನ್ನಿಂದಲ್ಲದೆ ಬೇರೆ ಯಾವುದರಿಂದಲೂ ಒಡೆಯದಂಥದ್ದು. ಆ ಎರಡನ್ನು ಗುಣಿಸುವುದು ಯಂತ್ರಕ್ಕೆ ಆಟ. ಆದರೆ ಗುಣಲಬ್ಧವನ್ನು ಮಾತ್ರ ಮುಂದಿಟ್ಟು, ಇದು ಯಾವ ಎರಡರಿಂದ ಬಂತು ಹೇಳು ಅಂದರೆ, ಭೂಮಿಯ ಮೇಲಿನ ಎಲ್ಲ ಯಂತ್ರಗಳನ್ನು ಒಟ್ಟಿಗೆ ಕೂರಿಸಿದರೂ ಸೂರ್ಯ ಆರಿಹೋಗುವುದರೊಳಗೆ ಹೇಳಲಾರವು. ಹಾಗಾಗಿ ಸಂಖ್ಯೆಗಳ ಪಟ್ಟಿಯನ್ನು ಮುಚ್ಚಿಡುತ್ತಲೂ ಇರಲಿಲ್ಲ.

ಆ ಎರಡು ಅವಿಭಾಜ್ಯಗಳಲ್ಲಿ ಒಂದು ಯಂತ್ರದೊಳಗಿನ ವಿದ್ಯುತ್ ಗದ್ದಲದಿಂದ ಹುಟ್ಟುತ್ತಿತ್ತು. ಇನ್ನೊಂದು ರೋಗಿಯ ನಡುಕದಿಂದಲೇ. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿ ಒಂದು ಗಾಜಿನ ಹಲಗೆಯ ಮೇಲೆ ತೊಂಬತ್ತು ಸೆಕೆಂಡು ಅಂಗೈ ಇಡಬೇಕು. ಆ ನಡುಕದ ಸೂಕ್ಷ್ಮ ಏರಿಳಿತಗಳನ್ನು ಅಂಕಿಗಳಾಗಿ ಜೋಡಿಸಿ, ಅಲ್ಲಿಂದ ಮುಂದೆ ಸಿಗುವ ಮೊದಲ ಅವಿಭಾಜ್ಯವನ್ನು ಯಂತ್ರ ಎತ್ತಿಕೊಳ್ಳುತ್ತದೆ. ಜಗತ್ತಿನಲ್ಲಿ ಯಾರೂ ಮೊದಲೇ ಊಹಿಸಲಾಗದ್ದು ಅಂದರೆ ಮನುಷ್ಯನ ನಡುಕ ಎಂದು ಯಾರೋ ಎಂಜಿನಿಯರರು ಹೆಮ್ಮೆಯಿಂದ ಮಾಡಿದ ಏರ್ಪಾಡು ಅದು.

ಮಂದಾಕಿನಿ ಮರುದಿನ ಕೇಂದ್ರದ ಮುಖ್ಯ ವೈದ್ಯ ಡಾ. ಇನಾಮದಾರರಿಗೆ ರೊಟ್ಟಿಯ ವಿಷಯ ಹೇಳಿದಳು. ಅವರು ಕನ್ನಡಕ ಒರೆಸುತ್ತ ಕೇಳಿದರು.

"ಸಣ್ಣವರಿದ್ದಾಗ ತಾಯಿ ರೊಟ್ಟಿ ಬಡಿಯೋದು ನೋಡಿರ್ತಾರ ನೋಡ್ರಿ. ಮಿದುಳಿನ್ಯಾಗ ಎಲ್ಲೋ ಉಳಿದಿರ್ತದ. ಅಲೆ ಬಿದ್ದಾಗ ಹೊರಗ ಬರ್ತದ. ಕಾಳಜಿ ಮಾಡಬ್ಯಾಡ್ರಿ."

"ಸರ್, ನಮ್ಮ ಅತ್ತಿಯವರು ಬಲಗೈಲೆ ತಿರುಗಿಸಿ ಎಡಗೈಲೆ ಬಡೀತಿದ್ರು. ಎಡಚರು. ಇದು ಅವರ ಕೈ ಅಲ್ಲ."

ಇನಾಮದಾರರು ಕನ್ನಡಕ ಒರೆಸುವುದನ್ನು ನಿಲ್ಲಿಸಿದರು.

* * *

ಮೂರು ವಾರಗಳಲ್ಲಿ ಕೈಗಳು ಇನ್ನಷ್ಟು ಕಲಿತವು. ದಿನವೂ ಅಲ್ಲ, ಯಾವಾಗಲೋ ಒಮ್ಮೊಮ್ಮೆ. ಹೊರಗೆ ಹೊರಟಾಗ ಪುಂಡಲೀಕನ ಬಲಗೈ ಎಡಭುಜಕ್ಕೆ ಹೋಗಿ, ಇಲ್ಲದ ಸೆರಗನ್ನು ಎಳೆದು ತಲೆಯ ಮೇಲೆ ಹೊದೆಯುತ್ತಿತ್ತು. ಟಿ.ವಿ. ನೋಡುತ್ತ ಕೂತಾಗ ಬೆರಳುಗಳು ತಲೆಯ ಹಿಂದೆ ಹೋಗಿ ತುರುಬು ಕಟ್ಟುತ್ತಿದ್ದವು. ಅವನ ತಲೆಯಲ್ಲಿ ಇದ್ದ ನಾಲ್ಕು ಕೂದಲಿಗೆ ಅಂಥ ದೊಡ್ಡ ತುರುಬು! ಮಂದಾಕಿನಿಗೆ ಅದನ್ನು ನೋಡಿದಾಗ ಮೈ ಜುಮ್ಮೆನ್ನುತ್ತಿತ್ತು. ಪುಂಡಲೀಕನಿಗೆ ಮಾತ್ರ ಹೆದರಿಕೆ ಹೋಗಿ ಬೇರೇನೋ ಬಂದಿತ್ತು.

"ಈಗ ಆಕಿ ಕೈ ತೊಳಕೊಂಡ್ಳು ನೋಡು," ಎನ್ನುತ್ತಿದ್ದ. "ಆಕಿ ಎಲ್ಲಾ ಲಗೂ ಲಗೂ ಮಾಡ್ತಾಳ. ಯಾವಾಗ್ಲೂ ಅವಸರ."

"ಯಾರ್ರೀ ಆಕಿ?"

"ನನಗೇನ ಗೊತ್ತು? ಯಾರೋ ಹೆಣ್ಮಗಳು."

ಆ ಮಾತು ಹೇಳುವಾಗ ಅವನ ದನಿಯಲ್ಲಿದ್ದ ಮೆತ್ತಗಿನ ಎಳೆ ಮಂದಾಕಿನಿಗೆ ಹಿಡಿಸಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಲಗೂ ಕೆಲಸ ಮಾಡುತ್ತಾಳೋ ನಿಧಾನವೋ ಎಂದು ಅವನು ಎಂದೂ ಗಮನಿಸಿದವನಲ್ಲ.

ಏಪ್ರಿಲ್ ಕೊನೆಗೆ ಒಂದು ಬಟ್ಟೆ ಅಂಗಡಿಯ ಬೋರ್ಡಿಗೆ ಅವನು ಎರಡನೆಯ ಅಂತಸ್ತಿನ ಎತ್ತರಕ್ಕೆ ಬಿದಿರ ಅಟ್ಟಣೆ ಏರಿದ್ದ. ಹನ್ನೊಂದು ಗಂಟೆಯ ಬಿಸಿಲು. ಒಂದು ಕೈಯಲ್ಲಿ ಬಿದಿರು, ಇನ್ನೊಂದರಲ್ಲಿ ಕುಂಚ. ಇದ್ದಕ್ಕಿದ್ದ ಹಾಗೆ ಎರಡೂ ಕೈ ಹಿಡಿದದ್ದನ್ನು ಬಿಟ್ಟು, ಗಾಳಿಯಲ್ಲಿ ರೊಟ್ಟಿ ತಟ್ಟತೊಡಗಿದವು. ಕುಂಚ ಕೆಳಗೆ ಬಿತ್ತು. ಅದರ ಹಿಂದೆ ಅವನೂ ಜಾರಿದ. ಒಂದು ಅಡ್ಡ ಬಿದಿರು ಕಂಕುಳಿಗೆ ಸಿಕ್ಕಿತು. ಕೆಳಗಿನವರು ಏಣಿ ತರುವ ತನಕ ಅವನು ಬಾವಲಿಯಂತೆ ಜೋತಾಡುತ್ತಿದ್ದ, ಕೈಗಳು ಮಾತ್ರ ತಮ್ಮ ಪಾಡಿಗೆ ತಟ್ಟುತ್ತಲೇ, ತಿರುಗಿಸುತ್ತಲೇ ಇದ್ದವು. ನೋಡುತ್ತಿದ್ದವರಲ್ಲಿ ಒಬ್ಬರೂ ನಗಲಿಲ್ಲವಂತೆ.

* * *

ಆ ಮಧ್ಯಾಹ್ನವೇ ಮಂದಾಕಿನಿ ಕೇಂದ್ರಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಕೂತಳು. ಅವಳ ತಲೆಯಲ್ಲಿ ಸುಳಿದದ್ದು ಏಳನೆಯ ತರಗತಿಯ ಮಕ್ಕಳಿಗೆ ಕಲಿಸುವ ಲೆಕ್ಕ. ಮ.ಸಾ.ಅ. ಮಹತ್ತಮ ಸಾಮಾನ್ಯ ಅಪವರ್ತನ.

ಒಂದು ದೊಡ್ಡ ಸಂಖ್ಯೆಯನ್ನು ಒಡೆಯುವುದು ಅಸಾಧ್ಯ, ನಿಜ. ಆದರೆ ಅಂಥ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು, ನಿಮ್ಮಿಬ್ಬರಲ್ಲಿ ಸಮಾನವಾದದ್ದು ಏನಾದರೂ ಇದೆಯೇ ಎಂದು ಕೇಳುವುದು ಬಹಳ ಸುಲಭ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಬೇಕು, ಉಳಿದ ಶೇಷದಿಂದ ಚಿಕ್ಕದನ್ನು ಭಾಗಿಸಬೇಕು, ಹೀಗೆ ಶೇಷ ಸೊನ್ನೆಯಾಗುವ ತನಕ. ಯಂತ್ರಕ್ಕೆ ಅದು ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತು. ಸಮಾನವಾದದ್ದು ಏನೂ ಇಲ್ಲದಿದ್ದರೆ ಉತ್ತರ ಒಂದು. ಇದ್ದರೆ, ಆ ಸಮಾನ ಅವಿಭಾಜ್ಯವೇ ಹೊರಗೆ ಬಂದು ನಿಲ್ಲುತ್ತದೆ, ಮತ್ತು ಇಬ್ಬರ ಬೀಗಗಳೂ ಒಮ್ಮೆಗೇ ತೆರೆದುಕೊಳ್ಳುತ್ತವೆ. ಒಬ್ಬಂಟಿಯಾಗಿ ಎಂದೂ ಒಡೆಯದ ಸಂಖ್ಯೆ, ನೆಂಟ ಸಿಕ್ಕ ಕೂಡಲೆ ಬಾಯಿಬಿಡುತ್ತದೆ.

ಅವಳು ಗಂಡನ ಸಂಖ್ಯೆಯನ್ನು ಉಳಿದ ಎಲ್ಲರ ಸಂಖ್ಯೆಗಳ ಜೊತೆ ಒಂದೊಂದಾಗಿ ತಾಳೆ ಹಾಕಿದಳು. ಪರದೆಯ ಮೇಲೆ ಒಂದು, ಒಂದು, ಒಂದು ಎಂದು ಸಾಲು ಇಳಿಯುತ್ತ ಹೋಯಿತು. ಅವಿಭಾಜ್ಯಗಳಿಗೆ ಬರವಿಲ್ಲ. ಮುನ್ನೂರ ಒಂಬತ್ತು ಅಂಕಿಯವು ಎಷ್ಟಿವೆಯೆಂದರೆ, ವಿಶ್ವದ ಪ್ರತಿ ಪರಮಾಣುವಿಗೂ ಕೋಟಿಗಟ್ಟಲೆ ಹಂಚಿದರೂ ಮುಗಿಯುವುದಿಲ್ಲ. ಎರಡು ಸಲ ಒಂದೇ ಬೀಳುವುದು ಅಂದರೆ ಆಗದ ಮಾತು. ಒಂದು, ಒಂದು, ಒಂದು. ಅವಳು ತನ್ನ ಶಂಕೆಗೆ ತಾನೇ ನಾಚಿ ಎದ್ದೇಳಬೇಕೆನ್ನುವಾಗ ಸಾಲು ನಿಂತಿತು.

ಒಂದಲ್ಲ. ಪರದೆಯ ಅಗಲ ಸಾಲದೆ ನಾಲ್ಕು ಸಾಲು ಮಡಚಿಕೊಂಡ ಮುನ್ನೂರ ಒಂಬತ್ತು ಅಂಕಿ.

ಪಕ್ಕದಲ್ಲಿ ಹೆಸರಿತ್ತು: ಹುಲಿಗೆವ್ವ, ವಯಸ್ಸು ಐವತ್ತೆಂಟು, ಮೆಣಸಿನಾಳ, ಕುಷ್ಟಗಿ ತಾಲೂಕು. ಡಬ್ಬಿ ಇಟ್ಟದ್ದು ಕೊಪ್ಪಳದ ಶಾಖೆಯಲ್ಲಿ. ಚಾಲೂ ಆದ ತಾರೀಖು ನೋಡಿದಳು. ಪುಂಡಲೀಕ ಮೇಜಿನ ಮೇಲೆ ರೊಟ್ಟಿ ತಟ್ಟಿದ ಅದೇ ಮಂಗಳವಾರ.

ಅಲೆ ಎಂಬ ಲಕೋಟೆ ಯಾರ ಹೆಸರಿಗೆ ಬಂತು ಎಂದು ಡಬ್ಬಿ ನೋಡುವುದಿಲ್ಲ, ತನ್ನ ಎರಡು ಅವಿಭಾಜ್ಯಗಳಲ್ಲಿ ಒಂದರಿಂದಾದರೂ ಬೀಗ ತೆರೆಯಿತೇ ಎಂದಷ್ಟೇ ನೋಡುತ್ತದೆ. ಇಬ್ಬರದಕ್ಕೂ ಒಂದೇ ಅವಿಭಾಜ್ಯ ಇದ್ದುದರಿಂದ, ಯಾರ ಅಲೆ ಮೊದಲು ಮುಟ್ಟಿತೋ ಅದನ್ನೇ ತನ್ನದೆಂದು ಡಬ್ಬಿ ನುಂಗುತ್ತಿತ್ತು. ಅಷ್ಟು ಮಂದಾಕಿನಿಗೆ ತಿಳಿಯಿತು. ತಿಳಿಯದ್ದು ಬೇರೆ ಇತ್ತು. ಈ ಅವಿಭಾಜ್ಯ ಯಂತ್ರದ ಗದ್ದಲದಿಂದ ಬಂದದ್ದಲ್ಲ. ನಡುಕದಿಂದ ಬಂದದ್ದು.

ಇನಾಮದಾರರು ಬಂದು ಇಬ್ಬರ ಮೂಲ ದಾಖಲೆಗಳನ್ನು ತೆರೆಸಿದರು. ಪುಂಡಲೀಕನದು ಹೋದ ವರ್ಷ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ತೆಗೆದದ್ದು. ಹುಲಿಗೆವ್ವನದು ಈ ವರ್ಷ ಮಾರ್ಚಿನಲ್ಲಿ ಕೊಪ್ಪಳದಲ್ಲಿ. ವಿಡಿಯೊದಲ್ಲಿ ಒಂದು ಕೈಯ ಉಗುರಿನಲ್ಲಿ ಬಣ್ಣದ ಕಲೆ, ಇನ್ನೊಂದರಲ್ಲಿ ಹಸಿರು ಬಳೆ. ಬೇರೆ ಬೇರೆ ಗಾಜು, ಬೇರೆ ಬೇರೆ ಕೋಣೆ. ಮಂದಾಕಿನಿ ಎರಡು ನಡುಕಗಳ ಗೆರೆಗಳನ್ನು ಒಂದರ ಮೇಲೊಂದು ಇಟ್ಟಳು. ಪರದೆಯಲ್ಲಿ ಒಂದೇ ಗೆರೆ ಉಳಿಯಿತು. ಸಾವಿರ ಪಟ್ಟು ಹಿಗ್ಗಿಸಿದಳು. ಆಗಲೂ ಒಂದೇ.

"ಕಾಪಿ ಆಗಿರಬಹುದು," ಎಂದರು ಇನಾಮದಾರರು.

"ವಿಡಿಯೊದಾಗ ಬಳಿ ಅಲುಗಾಡೂದು ನೋಡ್ರಿ ಸರ್. ಗೆರಿಗೆ ಸರಿಯಾಗಿ ಅಲುಗಾಡ್ತೈತಿ. ಯಾವ ಕಾಪಿನೂ ಅಲ್ಲ. ಆಕಿ ಕೈನ ಹಂಗ ನಡುಗೇತಿ."

"ಒಂದ ವರ್ಷದ ಹಿಂದ ಇವರ ಕೈ ನಡುಗಿದ್ಹಂಗ?"

"ಹೌದ್ರೀ ಸರ್. ತೊಂಬತ್ತು ಸೆಕೆಂಡು. ಒಂದು ಕೂದಲೆಳಿ ಆಚೀಚಿ ಆಗದ್ಹಂಗ."

ಇನಾಮದಾರರು ಎದ್ದು ಹೋಗಿ ಪರದೆ ಆರಿಸಿದರು. ಉಳಿದವರನ್ನೂ ಪರಸ್ಪರ ತಾಳೆ ಹಾಕಿ ನೋಡಿ ಎಂದರು. ಎಂಬತ್ತನಾಲ್ಕು ಕೋಟಿ ಜೋಡಿಗಳು. ಎರಡು ದಿನ ಯಂತ್ರ ಓಡಿತು. ಬೇರೆಲ್ಲ ಒಂದು. ನಂಟಿದ್ದ ಜೋಡಿ ಅದೊಂದೇ.

* * *

ಮೆಣಸಿನಾಳದಲ್ಲಿ ಹುಲಿಗೆವ್ವನ ಮನೆ ಯಾವುದೆಂದು ಕೇಳಬೇಕಾಗಲಿಲ್ಲ. ಓಣಿಯ ತುದಿಯ ಮನೆಯ ಗೋಡೆಗಳ ಮೇಲೆಲ್ಲ ಸುಣ್ಣದಲ್ಲಿ ಬರೆದ ಅಕ್ಷರಗಳು, ಆಳೆತ್ತರ, ಒಂದೊಂದೂ ದುಂಡಗೆ, ನೆರಳು ಸಮೇತ. ಆ ನೆರಳನ್ನು ಎಡಕ್ಕೆ ಬೀಳಿಸುವ ರೀತಿ ಮಂದಾಕಿನಿಗೆ ಗೊತ್ತಿತ್ತು. ಹುಬ್ಬಳ್ಳಿಯಲ್ಲಿ ಹಾಗೆ ಬರೆಯುವವನು ಒಬ್ಬನೇ. ಅವಳ ಕಾಲುಗಳು ಅಂಗಳದಲ್ಲೇ ನಿಂತುಬಿಟ್ಟವು.

'ಗಜಾನನ ಟೈರ್ಸ್' ಎಂದಿತ್ತು ಒಂದು ಗೋಡೆ. ಇನ್ನೊಂದರಲ್ಲಿ 'ಮದುವೆ ಸೀರೆಗಳ ಭವ್ಯ ಮ' ಎಂದು ಅರ್ಧಕ್ಕೆ ನಿಂತಿತ್ತು. ಅದರ ಮುಂದೆ ಎರಡು ತೆಂಗಿನಕಾಯಿ, ಊದುಬತ್ತಿ. ಹೊಸ್ತಿಲ ಬಳಿ ಏಳೆಂಟು ಜನ ಸುಮ್ಮನೆ ಕೂತಿದ್ದರು.

"ಅತ್ತಿ ಒಂದಕ್ಷರ ಕಲತಾಕಿ ಅಲ್ರೀ," ಎಂದಳು ಸೊಸೆ ಶಾಂತವ್ವ, ದನಿ ತಗ್ಗಿಸಿ. "ಹೆಬ್ಬಟ್ಟು ಒತ್ತಾಕಿ. ಮೊದಲ ಹಿಟ್ಟಿನ್ಯಾಗ ಬರದ್ಳು. ಆಮ್ಯಾಗ ಬೂದ್ಯಾಗ. ನಾವ ಹೆದರಿ ಸುಣ್ಣ ಕೊಟ್ವಿ. ಸರಸ್ವತಿ ಮೈಮ್ಯಾಗ ಬಂದಾಳಂತ ಊರಾಗ ಸುದ್ದಿ. ಮದುವಿ ಸೀರಿ ಅಂತ ಬರದು ಅರ್ಧಕ್ಕ ನಿಂತಾಗ ಎದುರುಮನಿ ಹುಡಿಗಿ ಮದುವಿ ಮುರದ್ರು, ಅಪಶಕುನ ಅಂತ."

ಹುಲಿಗೆವ್ವ ಒಳಗೆ ಒಲೆಯಿಂದ ದೂರ ಗೋಡೆಗೊರಗಿ ಕೂತಿದ್ದಳು. ಶಾಲೆಯ ಹಾಸ್ಟೆಲ್ಲಿಗೆ ದಿನಾ ಬೆಳಿಗ್ಗೆ ಇನ್ನೂರು ರೊಟ್ಟಿ ಬಡಿದು ಕೊಡುವ ಹೆಂಗಸು. ಬಲಗೈಗೆ ಮೊಣಕೈ ತನಕ ಬಟ್ಟೆ ಸುತ್ತಿತ್ತು. ನಾಲ್ಕು ದಿನದ ಹಿಂದೆ ಹಂಚಿನ ಮೇಲೆ ರೊಟ್ಟಿ ಹಾಕುವಾಗ ಕೈ ತಾನಾಗಿ ಕೆಳಗಿಳಿದು, ಕೆಂಪಗೆ ಕಾದ ಹಂಚಿನ ಈ ಅಂಚಿನಿಂದ ಆ ಅಂಚಿನ ತನಕ ನೀಟಾಗಿ ಒಂದು ಗೆರೆ ಎಳೆದಿತ್ತು. ಎಳೆದು ಮುಗಿಯುವ ತನಕ ಎತ್ತಲು ಆಗಲಿಲ್ಲವಂತೆ.

ಮಂದಾಕಿನಿ ತನಗೆ ತಿಳಿದಷ್ಟನ್ನು ಬಿಡಿಸಿ ಹೇಳಿದಳು. ದೇವರಲ್ಲ, ಹುಬ್ಬಳ್ಳಿಯಲ್ಲಿ ಬೋರ್ಡು ಬರೆಯುವವರೊಬ್ಬರ ಕೈ, ಅವರು ತನ್ನ ಗಂಡ ಎಂದಳು. ಹುಲಿಗೆವ್ವ ಅವಳ ಕಡೆ ತಿರುಗಿದಳು.

"ಹೌದೇನ್ ನಮ್ಮವ್ವಾ? ಗಂಡಸರ ಕೈ ಅಂತ ಅನಿಸಿತ್ತು ನನಗ. ಭಾಳ ಸಮಾಧಾನದ ಕೈ. ಒಂದ ಗೆರಿ ಎಳಿಯೂ ಮೊದಲು ಎಷ್ಟೊತ್ತು ತಡೀತೈತಿ! ನನ್ನ ಜೀವನದಾಗ ಯಾವ ಕೆಲಸಾನೂ ನಾ ಅಷ್ಟು ಸಾವಕಾಶ ಮಾಡಿಲ್ಲ." ಸುಟ್ಟ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. "ಅವರಿಗೂ ನನ್ನ ಕೈಯಿಂದ ತ್ರಾಸ ಆಗೈತೇನು?"

"ಅಟ್ಟಣಿಗಿಯಿಂದ ಬೀಳತಿದ್ರು, ಅವ್ವ."

"ಹಂಗಾರ ಹರೀರಿ ಇದನ್ನ," ಎಂದಳು ತಕ್ಷಣ. ಆಮೇಲೆ ಸ್ವಲ್ಪ ನಾಚಿಕೊಂಡು, "ಹರಿಯೂ ಮೊದಲು ಒಂದು ಕೇಳ್ಲೇನು? ಇಷ್ಟು ಗ್ವಾಡಿ ತುಂಬ ಬರದೀನಿ, ನನ್ನ ಹೆಸರು ಒಮ್ಮೆನೂ ಬಂದಿಲ್ಲಂತ. ಅವರಿಗೆ ಹೇಳ್ತಿ ಏನವ್ವ?"

* * *

ಬೇರ್ಪಡಿಸುವುದು ಹೇಗೆಂದು ಗೊತ್ತಿತ್ತು. ಡಬ್ಬಿಯನ್ನು ಒಂದು ಗಳಿಗೆ ನಿಲ್ಲಿಸಿ, ಮತ್ತೊಮ್ಮೆ ನಡುಕ ತೆಗೆದು, ಹೊಸ ಸಂಖ್ಯೆ ಕೊಟ್ಟರೆ ಆಯಿತು. ಪುಂಡಲೀಕನ ಕೈಯನ್ನು ಸೋಮವಾರ ಹುಬ್ಬಳ್ಳಿಯಲ್ಲಿ ಗಾಜಿನ ಮೇಲಿಟ್ಟರು. ಹುಲಿಗೆವ್ವನ ಸುಟ್ಟಿರದ ಎಡಗೈಯನ್ನು ಬುಧವಾರ ಕೊಪ್ಪಳದಲ್ಲಿ. ಎರಡೂ ನಡುಕ ಹಳೆಯದರಂತೆ ಇರಲಿಲ್ಲ. ಪೂರ್ತಿ ಬೇರೆ. ಮಂದಾಕಿನಿ ನಿಟ್ಟುಸಿರು ಬಿಟ್ಟು ಎರಡು ಹೊಸ ಸಂಖ್ಯೆಗಳನ್ನು ತಾಳೆಗೆ ಹಾಕಿದಳು. ಒಂದು ಬರುತ್ತದೆಂದು ಅವಳು ಪರದೆಯನ್ನೂ ಸರಿಯಾಗಿ ನೋಡಿರಲಿಲ್ಲ.

ನಾಲ್ಕು ಸಾಲು ಅಂಕಿಗಳು. ಹಳೆಯ ಅಂಕಿಗಳಲ್ಲ. ಹೊಸವು. ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋದಾಗಲೂ ಇಬ್ಬರೂ ಕೂಡಿಯೇ ಹೋಗಿದ್ದರು.

ಇನಾಮದಾರರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

"ಮಂದಾಕಿನಿಯವರ, ವರದಿಯೊಳಗ ಕಾರಣ ಅನ್ನೋ ಜಾಗಾ ಖಾಲಿ ಬಿಡ್ರಿ," ಎಂದರು ಕೊನೆಗೆ. "ನಡುಕ ಬ್ಯಾಡ. ಬ್ಯಾರೆ ಯಾವುದರಿಂದರ ಸಂಖ್ಯೆ ಮಾಡ್ಲಿಕ್ಕೆ ಬರ್ತದೇನು?"

"ನಾಣ್ಯ ಚಿಮ್ಮಬಹುದು ಸರ್. ಮುನ್ನೂರ ಒಂಬತ್ತು ಅಂಕಿ ತುಂಬಬೇಕಂದ್ರ ಒಬ್ಬೊಬ್ಬರಿಗೆ ಸಾವಿರದ ಇಪ್ಪತ್ತನಾಲ್ಕು ಸಲ."

ಇಬ್ಬರೂ ಎರಡು ದಿನ ಕೂತು ಚಿಮ್ಮಿದರು. ಅವಳು ಚಿಮ್ಮುವುದು, ಅವರು ರಾಜ, ರಾಣಿ ಎಂದು ಬರೆಯುವುದು. ಹೆಬ್ಬೆರಳಿಗೆ ಬೊಬ್ಬೆ ಬಂತು. ಆ ಎರಡು ಸಂಖ್ಯೆಗಳ ಮ.ಸಾ.ಅ. ಒಂದು ಬಂದಾಗ, ಇನಾಮದಾರರು ಇನ್ನೊಮ್ಮೆ ಹಾಕಿ ನೋಡಿ ಅಂದರು. ಮೂರು ಸಲ ಹಾಕಿದಳು. ಒಂದೇ.

ಬದಲಾಯಿಸುವ ದಿನಕ್ಕೆ ಇನ್ನೂ ಒಂದು ವಾರವಿತ್ತು. ಅಲ್ಲಿಯ ತನಕ ಪುಂಡಲೀಕ ಅಟ್ಟಣೆ ಏರಬಾರದು, ಹುಲಿಗೆವ್ವ ಒಲೆಯ ಹತ್ತಿರ ಹೋಗಬಾರದು. ದಿನಾ ಸಂಜೆ ನಾಲ್ಕು ಗಂಟೆಗೆ ಹತ್ತು ನಿಮಿಷ, ಪುಂಡಲೀಕನ ಅಲೆ ಮಾತ್ರ ತಪ್ಪದೆ ಹುಲಿಗೆವ್ವನಿಗೆ ಹೋಗುವ ಹಾಗೆ ನಿಯಂತ್ರಣ ಕೊಠಡಿಯಲ್ಲಿ ದಾರಿ ಬಿಟ್ಟರು. ಹಾಗೆ ಬಿಡಲು ಕೇಳಿದವಳು ಮಂದಾಕಿನಿಯೇ. ಯಾಕೆ ಕೇಳಿದೆನೋ ಎಂದು ಆಮೇಲೆ ಅನ್ನಿಸಿತು.

ನಾಲ್ಕಕ್ಕೆ ಸರಿಯಾಗಿ ಪುಂಡಲೀಕ ಹಿತ್ತಲಿನಲ್ಲಿ ಒಂದು ಕಪ್ಪು ಹಲಗೆ ನಿಲ್ಲಿಸಿ, ಬಿಳಿ ಬಣ್ಣದಲ್ಲಿ ನಾಲ್ಕು ಅಕ್ಷರ ಬರೆಯುತ್ತಿದ್ದ. ಹು. ಲಿ. ಗೆ. ವ್ವ. ಒರೆಸಿ ಮತ್ತೆ ಬರೆಯುತ್ತಿದ್ದ. ಸಣ್ಣ ಮಗುವಿನ ಕೈ ಹಿಡಿದು ತಿದ್ದಿಸುವ ಹಾಗೆ ನಿಧಾನವಾಗಿ, ಹೊರಳುವಲ್ಲೆಲ್ಲ ಕ್ಷಣ ತಡೆದು. ಮಂದಾಕಿನಿ ಕಿವಿಗೆ ಫೋನು ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಆ ಕಡೆಯಿಂದ ಶಾಂತವ್ವ ಹೇಳುತ್ತಿದ್ದಳು, "ಹು ಆತ್ರೀ. ಲಿ ಬರಿಯಾಕತ್ತಾಳ. ಸುಟ್ಟ ಕೈಲೇ ಬರೀತೀನಂತ ಹಟ ಹಿಡದಾಳ, ನೋವಾದ್ರೂ ಬಿಡವಲ್ಲಳು."

ಐದನೆಯ ದಿನ ಪುಂಡಲೀಕ ಕುಂಚವನ್ನು ಬಣ್ಣಕ್ಕೆ ಅದ್ದಿ, ಮೂಗಿನ ಬೆವರು ಒರೆಸಿಕೊಳ್ಳಲೆಂದು ತಡೆದ. ಆಗ ಅವನ ಬಲಗೈ ತಾನಾಗಿ ಹಲಗೆಗೆ ಹೋಯಿತು. ಹು ಬರೆಯಿತು. ವಕ್ರ, ಸೊಟ್ಟ, ಅವಸರದ ಹು. ಅವನು ಬಾಯಿ ತೆರೆದು ನೋಡುತ್ತಿದ್ದ ಹಾಗೆಯೇ ಲಿ, ಗೆ. ವ್ವ-ದ ಒತ್ತು ಬಿಟ್ಟುಹೋಗಿತ್ತು. ಕೈ ಕೆಳಗೆ ಇಳಿದು, ಏನೋ ನೆನಪಾದಂತೆ ಮತ್ತೆ ಮೇಲೇರಿ, ಒತ್ತು ಕೊಟ್ಟು ಬಂತು.

ಆ ಹತ್ತು ನಿಮಿಷ ದಾರಿ ಇದ್ದದ್ದು ಇಲ್ಲಿಂದ ಅಲ್ಲಿಗೆ ಮಾತ್ರ. ಅಲ್ಲಿಂದ ಇಲ್ಲಿಗೆ ಮುಚ್ಚಿತ್ತು. ಮಂದಾಕಿನಿ ಬೆಳಿಗ್ಗೆ ತಾನೇ ಪರೀಕ್ಷಿಸಿ ಬಂದಿದ್ದಳು.

ಅವಳು ಫೋನಿನಲ್ಲಿ ಕೇಳಿದಳು, "ಶಾಂತವ್ವ, ಅಲ್ಲಿ ಏನಾತು ಈಗ?"

"ಬರದ್ಳ್ರೀ! ತಾನ ಬರದ್ಳು! ಒತ್ತು ಮರತಿದ್ಳು, ಆಮ್ಯಾಗ ಹಾಕಿದ್ಳು."

ಪುಂಡಲೀಕ ಹಲಗೆಯ ಮೇಲಿನ ಸೊಟ್ಟ ಅಕ್ಷರಗಳ ಮುಂದೆ ನಿಂತಿದ್ದ. ಅವನ ಕಣ್ಣು ತುಂಬಿತ್ತು. ಮಂದಾಕಿನಿ ಒಳಗೆ ಹೋಗಿ ಚಹಾಕ್ಕಿಟ್ಟಳು. ಚಹಾ ಕುದಿದು ಉಕ್ಕಿ ಒಲೆ ಆರಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

* * *

ಸಂಖ್ಯೆ ಬದಲಾಯಿತು. ಅದಾದ ಮೇಲೆ ಒಂದು ತಿಂಗಳಲ್ಲಿ ಪುಂಡಲೀಕನ ಕೈ ಒಮ್ಮೆಯೂ ಸೆರಗು ಹೊದೆಯಲಿಲ್ಲ, ರೊಟ್ಟಿ ತಟ್ಟಲಿಲ್ಲ. ಹುಲಿಗೆವ್ವ ಮತ್ತೆ ಒಲೆಯ ಮುಂದೆ ಕೂತಳೆಂದು ಸುದ್ದಿ ಬಂತು. ಪಂಚಾಯತಿಯಲ್ಲಿ ಹೆಬ್ಬಟ್ಟು ಒತ್ತಲು ಹೇಳಿದಾಗ ಪೆನ್ನು ಕೇಳಿದಳಂತೆ. ಮನೆಯ ಗೋಡೆಗಳಿಗೆ ಸುಣ್ಣ ಬಳಿದರಂತೆ.

ಪುಂಡಲೀಕ ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ. ಊಟಕ್ಕೆ ಕೂತಾಗ ಒಮ್ಮೊಮ್ಮೆ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು ಕಾಯುವವನಂತೆ ಕೂತಿರುತ್ತಿದ್ದ. ಏನೂ ಆಗುತ್ತಿರಲಿಲ್ಲ.

"ಏನ್ ನೋಡಾಕತ್ತೀರಿ?" ಎಂದರೆ, "ಏನಿಲ್ಲ. ಭಾಳ ಸುಮ್ಮನದಾವ," ಎನ್ನುತ್ತಿದ್ದ.

ಒಂದು ಶನಿವಾರ ಎಲ್ಲರೂ ಊಟಕ್ಕೆ ಹೋದಾಗ ಮಂದಾಕಿನಿ ಕೇಂದ್ರದ ಗಾಜಿನ ಹಲಗೆಯ ಮುಂದೆ ತಾನೇ ಹೋಗಿ ಕೂತಳು. ನಡುಕ ರೋಗಿಗಳಿಗೆ ಮಾತ್ರ ಇರುವುದಲ್ಲ. ಎಲ್ಲರ ಕೈಯೂ ಕಣ್ಣಿಗೆ ಕಾಣದಷ್ಟು ಸಣ್ಣಗೆ ನಡುಗುತ್ತಲೇ ಇರುತ್ತದೆ. ಅಂಗೈ ಇಟ್ಟಳು. ಗಾಜು ತಣ್ಣಗಿತ್ತು. ತೊಂಬತ್ತು ಸೆಕೆಂಡು ಅವಳು ಉಸಿರು ಬಿಗಿಹಿಡಿದು, ಕಾಲೇಜಿನಲ್ಲಿ ಫಲಿತಾಂಶದ ಹಲಗೆಯ ಮುಂದೆ ನಿಂತ ದಿನದ ಹಾಗೆ, ಎದೆಬಡಿತ ಕೇಳಿಸಿಕೊಳ್ಳುತ್ತ ಕೂತಿದ್ದಳು. ಯಂತ್ರ ಅವಳ ನಡುಕವನ್ನು ನೂರು ಪಟ್ಟು ಹಿಗ್ಗಿಸಿ, ಅಂಕಿಗಳಾಗಿ ಜೋಡಿಸಿ, ಅವಿಭಾಜ್ಯ ಹುಡುಕಿ ಮುಂದಿಟ್ಟಿತು. ಅವಳು ಅದನ್ನು ಗಂಡನ ಮೊದಲಿನ ಸಂಖ್ಯೆಯೊಡನೆ ತಾಳೆಗೆ ಹಾಕಿದಳು. ಆಮೇಲೆ ಎರಡನೆಯದರೊಡನೆ.

ಒಂದು. ಒಂದು. ಸಮಾನವಾದದ್ದು ಏನೂ ಇಲ್ಲ.

ಬೇರೇನೂ ಬರಲು ಸಾಧ್ಯವಿರಲಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಅವಳು ಪರದೆಯ ಮೇಲಿನ ಆ ಒಂಟಿ ಅಂಕಿಯನ್ನು ನೋಡುತ್ತಲೇ ಕೂತಳು. ಉಳಿದ ನಲವತ್ತೊಂದು ಸಾವಿರದ ಜೊತೆಗೂ ನೋಡಬೇಕೇ ಎಂದು ಯಂತ್ರ ಕೇಳಿತು. ಅವಳ ಬೆರಳು ಗುಂಡಿಯ ತನಕ ಹೋಯಿತು. ಎಲ್ಲೋ ಒಂದು ಊರಲ್ಲಿ, ಹೆಸರು ಗೊತ್ತಿಲ್ಲದ ಯಾರದೋ ಕೈ. ಬೇಡ ಎಂದು ಒತ್ತಿ, ತನ್ನ ಸಂಖ್ಯೆಯನ್ನು ಅಳಿಸಿ ಎದ್ದಳು.

ಮನೆಗೆ ಬಂದಾಗ ಪುಂಡಲೀಕ ಕಟ್ಟೆಯ ಮೇಲೆ ಕುಂಚ ತೊಳೆಯುತ್ತಿದ್ದ. ಅವಳ ಮುಖ ನೋಡಿ ಕೆಲಸ ನಿಲ್ಲಿಸಿದ.

"ಯಾಕ, ಏನಾತು?"

ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ನಂದೂ ಕೈ ಇಟ್ಟು ನೋಡಿದೆ. ನಿಮ್ಮ ಸಂಖ್ಯೆ ಜೋಡಿ ತಾಳಿ ಹಾಕಿದೆ."

ಪುಂಡಲೀಕನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಏನ್ ಬಂತು?"

"ಒಂದು."

ಅವನು ಅವಳನ್ನೇ ನೋಡಿದ. ಆಮೇಲೆ ಅವನ ಮುಖವೆಲ್ಲ ಮೆಲ್ಲಗೆ ಬಿಚ್ಚಿಕೊಂಡಿತು. ಎಷ್ಟೋ ತಿಂಗಳ ಮೇಲೆ ಅವನು ಹಾಗೆ ನಕ್ಕದ್ದು. ಒದ್ದೆ ಕೈಯಲ್ಲೇ ಅವಳ ಕೈ ಹಿಡಿದ.

"ಮತ್ತ? ಒಂದ ಬರಬೇಕಲ್ಲ," ಎಂದ. "ಇಪ್ಪತ್ತು ವರ್ಷ ಆತು. ನಾವು ಒಂದ ಅಂತ ಯಂತ್ರ ಹೇಳಬೇಕೇನು?"

ಮಂದಾಕಿನಿ ಬಾಯಿ ತೆರೆದಳು. ಅವನ ಕೈ ಬೆಚ್ಚಗಿತ್ತು, ಸ್ವಲ್ಪವೂ ನಡುಗುತ್ತಿರಲಿಲ್ಲ. ನಡುಗುತ್ತಿದ್ದುದು ಅವಳದು.

"ಹೌದ್ರಿ," ಎಂದಳು. "ಒಂದ."